ಚೋಕ್ ಬಿಟ್ಟ ತಕ್ಷಣ ಆಫ್: ಇಪ್ಪತ್ತು ತಿಂಗಳು ನಿಂತಿದ್ದ ಬೈಕ್

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಹೋದ ತಿಂಗಳು ಇಲ್ಲಿ ಮಾತಾಡಿದವರು ಮನೆ ಸಾಲ, ಹೂಡಿಕೆ ಅಂತ ದೊಡ್ಡ ವಿಷಯ ತಗೊಂಡಿದ್ರು. ನಾನು ಒಂದು ತೂತಿನ ಬಗ್ಗೆ ಮಾತಾಡೋಕೆ ಬಂದಿದೀನಿ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ ತೂತು. ಅದು ಮುಚ್ಚಿಕೊಂಡಿದ್ದಕ್ಕೆ ನನ್ನ ಅಪ್ಪನ ಮೊಣಕಾಲಿಗೆ ಪೆಟ್ಟಾಯ್ತು, ನಾನು ಗಾಡಿ ಮಾರೋವರೆಗೂ ಹೋದೆ. ಅದನ್ನ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಗಾಡಿ ಇಲ್ಲೇ ಪುಣೆಯಲ್ಲಿ ಬಿಟ್ಟು ಊರಿಗೆ ಹೋದವರು ಎಷ್ಟು ಜನ ಇದೀರಿ? ಕೈ ಎತ್ತಿ. ನೋಡಿ, ಅರ್ಧ ಹಾಲ್ ಆಯ್ತು. ನಾನೂ ಅದೇ ಗುಂಪು. ಮಾರ್ಚ್ 20ರ ರಾತ್ರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಹದಿನೈದು ದಿನ ಮನೆಯಿಂದ ಕೆಲಸ ಮಾಡಿ ಅಂತ ಆಫೀಸಿನವರು ಮೇಲ್ ಹಾಕಿದ್ರು. ಬ್ಯಾಗಲ್ಲಿ ಎರಡು ಜೀನ್ಸು, ಒಂದು ಲ್ಯಾಪ್‌ಟಾಪು. ಐದು ದಿನಕ್ಕೆ ಲಾಕ್‌ಡೌನ್. ವಾಪಸ್ ಬಂದಿದ್ದು 2021ರ ನವೆಂಬರ್‌ನಲ್ಲಿ. ಇಪ್ಪತ್ತು ತಿಂಗಳು.

ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ಗಾಡಿ ಇಟ್ಟಲ್ಲೇ ಇತ್ತು. ಪಲ್ಸರ್ 150, 2012ರದ್ದು, ಮೊದಲ ಕೆಲಸ ಸಿಕ್ಕಾಗ ತಗೊಂಡಿದ್ದು. ಅಪ್ಪ ಡೌನ್ ಪೇಮೆಂಟ್ ಕಟ್ಟಿದ್ರು, ಕಂತು ನಾನು ಕಟ್ಟಿದೆ. ಎರಡೂ ಟೈರ್ ನೆಲಕ್ಕೆ ಕೂತಿದ್ವು. ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯೋ ಅಷ್ಟು ಧೂಳು; ಯಾರೋ ಮಕ್ಕಳು ನಿಜವಾಗ್ಲೂ ಬರೆದಿದ್ರು. ಟ್ಯಾಂಕಿನ ಮೇಲೆ ಸೊಸೈಟಿಯವರ ಚೀಟಿ: ಈ ವಾಹನದ ಮಾಲೀಕರು ಏಳು ದಿನದೊಳಗೆ ಬಂದು ಭೇಟಿಯಾಗಬೇಕು ಅಂತ. ಚೀಟಿಯ ತಾರೀಖು ನೋಡಿದ್ರೆ ಏಳು ತಿಂಗಳು ಹಳೇದು.

ಹೊಸ ಬ್ಯಾಟರಿ ಹಾಕಿಸಿದೆ, ಗಾಳಿ ತುಂಬಿಸಿದೆ, ಟ್ಯಾಂಕಲ್ಲಿ ತಳದಲ್ಲಿದ್ದ ಹಳೇ ಪೆಟ್ರೋಲ್ ಮೇಲೇನೇ ಎರಡು ಲೀಟರ್ ಹೊಸದು ಸುರಿದೆ. ಈ ಕೊನೇದು ತಪ್ಪು, ಆಮೇಲೆ ಬರ್ತೀನಿ. ಚೋಕ್ ಎಳೆದು ಸೆಲ್ಫ್ ಒತ್ತಿದೆ. ಏಳನೇ ಸಲಕ್ಕೆ ಸ್ಟಾರ್ಟ್ ಆಯ್ತು! ಬೇಸ್‌ಮೆಂಟಲ್ಲಿ ನಾನೊಬ್ಬನೇ ಚಪ್ಪಾಳೆ ಹೊಡೆದೆ. ಒಂದು ನಿಮಿಷ ಬಿಟ್ಟು ಚೋಕ್ ಬಿಟ್ಟೆ. ಆಫ್.

ಮತ್ತೆ ಚೋಕ್, ಮತ್ತೆ ಸ್ಟಾರ್ಟ್. ಚೋಕ್ ಬಿಟ್ಟ ತಕ್ಷಣ ಆಫ್. ರೇಸ್ ಕೊಡ್ತಾ ಇದ್ರೆ ಓಡುತ್ತೆ, ಗೇರ್ ಹಾಕಿದ್ರೆ ಮುಂದೆ ಹೋಗುತ್ತೆ, ಅರವತ್ತರ ಸ್ಪೀಡಲ್ಲೂ ಆರಾಮಾಗಿ ಹೋಗುತ್ತೆ. ರೇಸ್‌ನಿಂದ ಕೈ ತೆಗೆದ್ರೆ, ಅಂದ್ರೆ ಸಿಗ್ನಲ್‌ನಲ್ಲಿ ನಿಂತ್ರೆ, ಮುಗೀತು. ನಮ್ಮಲ್ಲಿ ಮೆಕ್ಯಾನಿಕ್‌ಗಳು ‘ಗಾಡಿ ಸ್ಲೋದಲ್ಲಿ ನಿಲ್ತಿಲ್ಲ’ ಅಂತಾರಲ್ಲ, ಅದೇ. ಐಡ್ಲಿಂಗ್ ಇಲ್ಲ.

ಹತ್ತಿರದ ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅಲ್ಲಿದ್ದ ಹುಡುಗ ಎರಡೇ ನಿಮಿಷದಲ್ಲಿ ರಿಪೇರಿ ಮಾಡಿಕೊಟ್ಟ. ಕಾರ್ಬೋರೇಟರ್ ಪಕ್ಕದಲ್ಲಿ ಒಂದು ಐಡಲ್ ಸ್ಕ್ರೂ ಇರುತ್ತೆ, ಅದನ್ನ ಬಲಕ್ಕೆ ಗಟ್ಟಿಯಾಗಿ ತಿರುವಿದ. ಆರ್‌ಪಿಎಂ ಮುಳ್ಳು 2,200ಕ್ಕೆ ಬಂತು, ಗಾಡಿ ಆಫ್ ಆಗಲಿಲ್ಲ. ನೂರು ರೂಪಾಯಿ. ನನಗೂ ಖುಷಿ, ಅವನಿಗೂ ಖುಷಿ.

ಇಲ್ಲಿರೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದು ಸರ್ವಿಸ್ ಉತ್ತರ ಕೊಡ್ತಿಲ್ಲ, ಯಾಕೆ ಅಂತ ನೋಡದೆ ಟೈಮ್‌ಔಟ್ 30 ಸೆಕೆಂಡ್ ಇದ್ದದ್ದನ್ನ 90 ಮಾಡಿ ಟಿಕೆಟ್ ಕ್ಲೋಸ್ ಮಾಡ್ತೀವಲ್ಲ, ಹಾಗೆ. ನಾನೂ ಮಾಡಿದೀನಿ. ಅದಕ್ಕೇ ಆ ಹುಡುಗನ ಮೇಲೆ ಸಿಟ್ಟು ಬರಲ್ಲ.

ಐಡಲ್ ಸ್ಕ್ರೂ ಮಾಡೋದು ಇಷ್ಟೇ: ಎಂಜಿನ್ನಿಗೆ ಗಾಳಿ ಹೋಗೋ ದಾರಿಯಲ್ಲಿ ಒಂದು ಚಿಟ್ಟೆಯಂಥ ಬಾಗಿಲು ಇದೆ, ಅದು ಪೂರ್ತಿ ಮುಚ್ಚದ ಹಾಗೆ ಒಂಚೂರು ತೆರೆದು ಹಿಡಿಯುತ್ತೆ. ನೀವು ಕೈಯಲ್ಲಿ ಸ್ವಲ್ಪ ರೇಸ್ ಹಿಡಿದು ಕೂತ ಹಾಗೇ. ಕಾಯಿಲೆ ಹಾಗೇ ಇದೆ, ಕಾಣಿಸಲ್ಲ ಅಷ್ಟೆ. ತಣ್ಣಗಿದ್ದಾಗ 2,200 ತೋರಿಸಿದ ಮುಳ್ಳು ಎಂಜಿನ್ ಬಿಸಿಯಾದ ಮೇಲೆ ತಾನಾಗೇ ಮೂರು ಸಾವಿರ ದಾಟುತ್ತೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದ ಎಂಜಿನ್ನಿನ ಗುಣ ಅದು, ರೇಸ್ ಬಿಟ್ರೂ ಬೇಗ ಇಳಿಯಲ್ಲ.

2022ರ ಜನವರಿಯಲ್ಲಿ ಅಪ್ಪ ಕಣ್ಣು ತೋರಿಸೋಕೆ ಅಂತ ಪುಣೆಗೆ ಬಂದಿದ್ರು. ಆಸ್ಪತ್ರೆಯಿಂದ ವಾಪಸ್ ಕರ್ಕೊಂಡು ಬರ್ತಿದ್ದೆ. ಭೂಮ್ಕರ್ ಚೌಕ, ಸಂಜೆ ಆರೂವರೆ. ಆ ಜಾಗ ಆ ಹೊತ್ತಲ್ಲಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ಲಚ್ ಹಿಡಿದು ನಿಂತಿದೀನಿ, ಎಂಜಿನ್ ತನ್ನಷ್ಟಕ್ಕೆ ಕಿರುಚ್ತಾ ಇದೆ, ಮುಳ್ಳು ಮೂರೂವರೆ ಸಾವಿರದಲ್ಲಿದೆ. ಮುಂದಿನ ಆಟೋ ಒಂದಡಿ ಸರೀತು, ನಾನೂ ಕ್ಲಚ್ ಸ್ವಲ್ಪ ಬಿಟ್ಟೆ. ಗಾಡಿ ಜಿಗಿದುಬಿಡ್ತು. ಮುಂದಿನ ಚಕ್ರ ಆಟೋದ ಹಿಂಬದಿಗೆ ಬಡೀತು, ಗಾಡಿ ವಾಲಿತು, ಪಕ್ಕದಲ್ಲಿದ್ದ ಇನ್ನೊಂದು ಆಟೋದ ತಗಡಿಗೆ ಅಪ್ಪನ ಮೊಣಕಾಲು ಉಜ್ಜಿತು. ಪ್ಯಾಂಟು ಹರಿದು ರಕ್ತ ಬಂತು. ದೊಡ್ಡ ಗಾಯ ಅಲ್ಲ. ಆದ್ರೆ ಒಂದು ಕಣ್ಣಿಗೆ ಔಷಧಿ ಹಾಕಿಸಿಕೊಂಡು, ಎದುರಿನದು ಸರಿಯಾಗಿ ಕಾಣದೆ, ಮಗನ ಭುಜ ಹಿಡಿದು ಕೂತ ಅರವತ್ತಾರು ವರ್ಷದ ಮನುಷ್ಯ ಅವರು. ಆಟೋದವರ ಬೈಗುಳ ಎಲ್ಲ ಮುಗಿದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: “ಗಾಡಿ ನಿನ್ನ ಮಾತು ಕೇಳವಲ್ದು. ನಾ ಇನ್ನ ಇದರ ಮ್ಯಾಲೆ ಕೂಡಂಗಿಲ್ಲಪಾ.”

ಮಾರನೇ ದಿನ ಇನ್ನೊಂದು ಗ್ಯಾರೇಜಿಗೆ ಹೋದೆ, ಸ್ವಲ್ಪ ದೊಡ್ಡದು. ಅವರು ಕಾರ್ಬೋರೇಟರ್ ಹೊಸದು ಹಾಕಬೇಕು, ಅದರಲ್ಲೂ ಸರಿಹೋಗದಿದ್ರೆ ಎಂಜಿನ್ ಬಿಚ್ಚಬೇಕು ಅಂದ್ರು. ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ಒಂಬತ್ತು ಸಾವಿರ ಚಿಲ್ಲರೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋನೊಬ್ಬ ಇದ್ದ ಸ್ಥಿತಿಯಲ್ಲೇ ಹನ್ನೊಂದು ಸಾವಿರಕ್ಕೆ ಕೇಳಿದ. ನಾನು ಆರ್‌ಸಿ ಬುಕ್ಕಿನ ಫೋಟೋ ಕೂಡ ಅವನಿಗೆ ಕಳಿಸಿಬಿಟ್ಟಿದ್ದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು: “ಊರಿಗೆ ಬರೂವಾಗ ಕಾಕ್ ಬಂದ್ ಮಾಡಿದ್ದೇನು?”

ಪೆಟ್ರೋಲ್ ಕಾಕ್. ಟ್ಯಾಂಕಿನ ಕೆಳಗಿರೋ ಆ ಸಣ್ಣ ತಿರುಪು, ಆನ್, ರಿಸರ್ವ್, ಆಫ್. ನಾನು ಒಂಬತ್ತು ವರ್ಷ ಆ ಗಾಡಿ ಓಡಿಸಿದ್ದೆ. ಆ ತಿರುಪನ್ನ ರಿಸರ್ವ್‌ಗೆ ತಿರುಗಿಸಿದ್ದು ಗೊತ್ತು, ಆಫ್‌ಗೆ ಒಂದು ದಿನಾನೂ ತಿರುಗಿಸಿರಲಿಲ್ಲ. ಇಲ್ಲ ಅಂದೆ. ಅಪ್ಪ ಏನೂ ಅನ್ನಲಿಲ್ಲ, ಅನ್ನಕ್ಕೆ ಮೊಸರು ಹಾಕ್ಕೊಂಡ್ರು.

ಅಪ್ಪನ ಹತ್ತಿರ ಮೊದಲು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಿಂದ ಅಲ್ಲಿ ಜಾವಾ ತಯಾರಾಗ್ತಿತ್ತು, 1973ರಿಂದ ಯೆಜ್ಡಿ ಅನ್ನೋ ಹೆಸರು, 1996ಕ್ಕೆ ಕಾರ್ಖಾನೆ ಮುಚ್ಚಿತು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇದ್ದಿರಬಹುದು. ನಾನು ಚಿಕ್ಕವನಿದ್ದಾಗ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರೋನು. ಮನೆಗೆ ಇನ್ನೂ ಎರಡು ಓಣಿ ಇರುವಾಗಲೇ ಅಪ್ಪ ಬಗ್ಗಿ ಕಾಕ್ ಬಂದ್ ಮಾಡೋರು. ಕಾರ್ಬೋರೇಟರ್‌ನಲ್ಲಿ ಉಳಿದ ಪೆಟ್ರೋಲಲ್ಲೇ ಗಾಡಿ ಮನೆ ಮುಟ್ಟೋದು, ಗೇಟಿನ ಹತ್ತಿರ ಬಂದು ಫಟ್ ಫಟ್ ಅಂತ ತಾನೇ ಆಫ್ ಆಗೋದು. ನಾನು ಅದನ್ನ ಪೆಟ್ರೋಲ್ ಉಳಿಸೋ ಜಿಪುಣತನ ಅಂದುಕೊಂಡಿದ್ದೆ. ನಿಜವಾದ ಕಾರಣ ಬೇರೆ. ಅದು ಟೂ ಸ್ಟ್ರೋಕ್, ಪೆಟ್ರೋಲಲ್ಲೇ ಆಯಿಲ್ ಬೆರೆಸಿ ಹಾಕ್ತಿದ್ರು. ಬೌಲ್‌ನಲ್ಲಿ ಬಿಟ್ರೆ ಪೆಟ್ರೋಲ್ ಹಾರಿಹೋಗಿ ಆಯಿಲ್ ಜಿಡ್ಡು ಅಲ್ಲೇ ಕೂರುತ್ತೆ. ಅದಕ್ಕೇ ಖಾಲಿ ಮಾಡಿ ನಿಲ್ಲಿಸೋರು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದೀನಿ ನಾನು. ಅಪ್ಪ ದಿನಾ ಸಂಜೆ ಯಾಕೆ ಹಾಗೆ ಬಗ್ತಿದ್ರು ಅಂತ ಮೂವತ್ತು ವರ್ಷ ಕೇಳಿರಲಿಲ್ಲ.

ಈಗ ಒಳಗೆ ಏನಾಗುತ್ತೆ ನೋಡೋಣ.

ಕಾರ್ಬೋರೇಟರ್‌ನ ಕೆಳಗೆ ಒಂದು ಬಟ್ಟಲು ಇದೆ, ಫ್ಲೋಟ್ ಬೌಲ್. ಟ್ಯಾಂಕಿನಿಂದ ಪೆಟ್ರೋಲ್ ಇಳಿದು ಇಲ್ಲಿ ನಿಲ್ಲುತ್ತೆ. ಮಟ್ಟ ಮೇಲೆ ಬಂದ್ರೆ ಒಳಗಿನ ಫ್ಲೋಟ್ ತೇಲಿ ದಾರಿ ಮುಚ್ಚುತ್ತೆ, ನಮ್ಮ ಮನೆ ಸಿಂಟೆಕ್ಸ್ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೇ. ಈ ಬಟ್ಟಲಿನಿಂದ ಎಂಜಿನ್ನಿಗೆ ಪೆಟ್ರೋಲ್ ಹೋಗೋಕೆ ಬೇರೆ ಬೇರೆ ದಾರಿ ಇವೆ. ರೇಸ್ ಪೂರ್ತಿ ಕೊಟ್ಟಾಗ ಮೇನ್ ಜೆಟ್ ಅನ್ನೋ ದೊಡ್ಡ ತೂತು. ನಡುವಿನ ರೇಸಿನಲ್ಲಿ ಒಂದು ಸೂಜಿ ಮೇಲೆ ಕೆಳಗೆ ಆಡಿ ಅಳತೆ ಕೊಡುತ್ತೆ. ರೇಸ್ ಪೂರ್ತಿ ಬಿಟ್ಟಾಗ, ಅಥವಾ ಒಂಚೂರೇ ಕೊಟ್ಟಾಗ, ಪೈಲಟ್ ಜೆಟ್. ಸ್ಲೋ ಜೆಟ್ ಅಂತಲೂ ಅಂತಾರೆ. ನಾನು ಮೊದಲು ಹೇಳಿದ ತೂತು ಇದೇ.

ಈಗ ನನ್ನ ಗಾಡಿ ಏನು ಹೇಳ್ತಿತ್ತು ನೋಡಿ. ಅರವತ್ತರಲ್ಲಿ ಚೆನ್ನಾಗಿ ಓಡುತ್ತೆ, ಹಾಗಾದ್ರೆ ಮೇನ್ ಜೆಟ್ ಸರಿ ಇದೆ, ಪ್ಲಗ್ ಕಿಡಿ ಕೊಡ್ತಿದೆ, ಎಂಜಿನ್ನಿನಲ್ಲಿ ಕಂಪ್ರೆಷನ್ ಇದೆ. ಚೋಕ್ ಹಾಕಿದ್ರೆ ನಿಲ್ಲುತ್ತೆ, ಯಾಕಂದ್ರೆ ಚೋಕ್ ಬೇರೊಂದು ದಾರಿಯಿಂದ ಪೆಟ್ರೋಲ್ ಕೊಡುತ್ತೆ. ಚೋಕ್ ಬಿಟ್ರೆ, ರೇಸ್ ಬಿಟ್ರೆ ಮಾತ್ರ ಸಾಯುತ್ತೆ. ಅಂದ್ರೆ ಐಡಲ್ ದಾರಿಯಲ್ಲಿ ಪೆಟ್ರೋಲ್ ಬರ್ತಿಲ್ಲ, ಇಲ್ಲಾ ಅಲ್ಲಿ ಬೇಡದ ಗಾಳಿ ನುಗ್ತಿದೆ. ಇದಕ್ಕೆ ಎಂಜಿನ್ ಬಿಚ್ಚೋ ಮಾತು ಮೊದಲೇ ಯಾಕೆ? ಗಾಡಿ ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸ್ತಿತ್ತು. ಲಾಗ್ ಫೈಲ್ ಕಣ್ಣೆದುರಿಗೇ ಇತ್ತು, ನಾನು ಓದಲಿಲ್ಲ.

ಈ ಗಾಡಿಯ ಐಡಲ್ ಸುಮಾರು 1,400 ಆರ್‌ಪಿಎಂ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಉರಿಯುತ್ತೆ. ಅಂದ್ರೆ ನಿಮಿಷಕ್ಕೆ 700 ಸಲ, ಸೆಕೆಂಡಿಗೆ ಹನ್ನೆರಡರ ಹತ್ತಿರ. ಪ್ರತಿ ಸಲಕ್ಕೂ ಬೇಕಾಗೋ ಪೆಟ್ರೋಲ್ ಒಂದು ಹನಿಗಿಂತ ಎಷ್ಟೋ ಕಮ್ಮಿ. ಅದನ್ನ ಅಳೆದು ಕೊಡಬೇಕು ಅಂದ್ರೆ ತೂತು ಅಷ್ಟು ಸಣ್ಣದಿರಲೇಬೇಕು. ಸಣ್ಣದಿರೋದಕ್ಕೇ ಎಲ್ಲಕ್ಕಿಂತ ಮೊದಲು ಅದೇ ಮುಚ್ಚಿಕೊಳ್ಳುತ್ತೆ. ಮನೆಯಲ್ಲಿ ಕಾಫಿ ಫಿಲ್ಟರ್ ಇದ್ದವರಿಗೆ ಇದು ಗೊತ್ತು. ಫಿಲ್ಟರ್ ಹಾಳಾಗಿರಲ್ಲ, ತೂತು ಕಟ್ಟಿರುತ್ತೆ, ಡಿಕಾಕ್ಷನ್ ಇಳಿಯಲ್ಲ.

ಪೆಟ್ರೋಲ್ ಅನ್ನೋದು ಒಂದೇ ದ್ರವ ಅಲ್ಲ, ಹಗುರವಾದದ್ದು ಭಾರವಾದದ್ದು ಎಲ್ಲ ಸೇರಿದ ಮಿಶ್ರಣ. ಬೌಲ್‌ಗೆ ಗಾಳಿಯಾಡೋ ದಾರಿ ಇರೋದ್ರಿಂದ ಹಗುರವಾದದ್ದು ಹಾರಿಹೋಗುತ್ತೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತೆ, ಆಮೇಲೆ ವಾರ್ನಿಷ್ ಥರ ಗಟ್ಟಿಯಾಗುತ್ತೆ. ಕಾಕ್ ಬಂದ್ ಮಾಡಿದ್ರೆ ಬೌಲ್‌ನಲ್ಲಿದ್ದ ನಾಲ್ಕು ಚಮಚ ಪೆಟ್ರೋಲ್ ಮಾತ್ರ ಒಣಗ್ತಿತ್ತು. ನಾನು ಕಾಕ್ ತೆರೆದಿಟ್ಟು ಹೋಗಿದ್ದೆ. ಬೌಲ್‌ನಲ್ಲಿ ಎಷ್ಟು ಆರಿತೋ ಅಷ್ಟು ಟ್ಯಾಂಕಿನಿಂದ ಇಳೀತು, ಅದೂ ಆರಿತು, ಮತ್ತೆ ಇಳೀತು. ಪೇಡೆ ಮಾಡೋರು ಹಾಲು ಬತ್ತಿದ ಹಾಗೆ ಮತ್ತೆ ಹಾಲು ಸುರಿದು ಖವಾ ಮಾಡ್ತಾರಲ್ಲ, ಧಾರವಾಡದವನು ನಾನು ಪುಣೆಯ ಬೇಸ್‌ಮೆಂಟಲ್ಲಿ ಇಪ್ಪತ್ತು ತಿಂಗಳು ಪೆಟ್ರೋಲ್ ಪೇಡೆ ಮಾಡಿದ್ದೆ. (ನಗು)

ಇನ್ನೊಂದು, ಎಥೆನಾಲ್. ಈಗ ಬಂಕ್‌ಗಳಲ್ಲಿ ಸಿಗೋದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಇದರ ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ನನ್ನ ಗಾಡಿ ನಿಂತಾಗ ಅಷ್ಟು ಇರಲಿಲ್ಲ, ಸ್ವಲ್ಪ ಇತ್ತು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದ್ರೆ ಎಥೆನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂರುತ್ತೆ. ಕಾರ್ಬೋರೇಟರ್‌ಗೆ ಹೋಗೋದು ತಳದಿಂದಲೇ. ಹಳೇ ಗಾಡಿಗಳ ರಬ್ಬರ್‌ಗೂ ಲೋಹಕ್ಕೂ ಅದು ಒಳ್ಳೇದಲ್ಲ. ಎಥೆನಾಲ್ ಬೇಕೋ ಬೇಡವೋ ಅನ್ನೋ ಚರ್ಚೆ ಇವತ್ತು ಬೇಡ, ಅದಕ್ಕೆ ಇನ್ನೊಂದು ಭಾನುವಾರ ಬೇಕು. ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಗೆ ಈಗ ಇನ್ನೂ ಹುಷಾರಾಗಿರಬೇಕು, ಇಷ್ಟು ಗೊತ್ತಿದ್ರೆ ಸಾಕು.

ಮರುದಿನ ರಜಾ ಹಾಕಿ ನಾನಾ ಪೇಠ್‌ಗೆ ಹೋದೆ. ಪುಣೆಯಲ್ಲಿ ಗಾಡಿ ಬಿಡಿಭಾಗ ಬೇಕು ಅಂದ್ರೆ ಎಲ್ಲರೂ ಹೋಗೋದು ಅಲ್ಲಿಗೇ. ಒಂದು ಅಂಗಡಿಯಲ್ಲಿ ಹೊಸ ಕಾರ್ಬೋರೇಟರ್ ಬೆಲೆ ಕೇಳಿದೆ. ಕೌಂಟರ್‌ನಲ್ಲಿದ್ದ ವಯಸ್ಸಾದ ಕಾಕಾ ಗಾಡಿಗೆ ಏನಾಗಿದೆ ಅಂತ ಕೇಳಿದ್ರು. ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ: ಚೋಕ್ ಹಾಕಿದ್ರೆ ನಿಲ್ಲುತ್ತೆ, ಬಿಟ್ರೆ ಇಲ್ಲ, ಎರಡು ವರ್ಷ ನಿಂತಿತ್ತು. ಅವರು “ನವಾ ಕಶಾಲಾ? ಸಾಫ್ ಕರಾ” ಅಂದ್ರು. ಹೊಸದು ಯಾಕೆ, ಕ್ಲೀನ್ ಮಾಡಿ ಅಂತ. ಸಾವಿರಾರು ರೂಪಾಯಿ ವ್ಯಾಪಾರ ಬಿಟ್ಟು ಒಂದು ಡಬ್ಬಿ ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ, ಬೌಲ್‌ನ ರಬ್ಬರ್ ಸೀಲ್, ಒಂದು ಫ್ಯುಯಲ್ ಪೈಪ್ ಕೊಟ್ಟು ಕಳಿಸಿದ್ರು. ಒಟ್ಟು 410 ರೂಪಾಯಿ. ಒಂದು ಮಾತು ಹೇಳಿ ಕಳಿಸಿದ್ರು: ತೂತಿನಲ್ಲಿ ಸ್ಟೀಲ್ ತಂತಿ ಹಾಕಬೇಡ.

ಕೆಲಸ ಮಾಡಿದ್ದು ಬಿಲ್ಡಿಂಗ್ ಹಿಂದಿನ ಬಯಲಲ್ಲಿ. ಬೇಸ್‌ಮೆಂಟಲ್ಲಿ ಯಾವತ್ತೂ ಮಾಡಬೇಡಿ. ಪೆಟ್ರೋಲ್ ಆವಿ ನೆಲದ ಮಟ್ಟದಲ್ಲೇ ಹರಡಿಕೊಂಡಿರುತ್ತೆ, ಒಂದು ಕಿಡಿ ಸಾಕು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸೋದೂ ಅಷ್ಟೇ ಅಪಾಯ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ. ನಾನು ಮೊದಲ ದಿನ ಚಪ್ಪಾಳೆ ಹೊಡೆದೆ ಅಂದ್ನಲ್ಲ, ಅದು ಮಾಡಬಾರದ ಕೆಲಸ ಆಗಿತ್ತು.

ಮೊದಲು ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿದೆ. ಬಾಟಲಿಗೆ ಹಿಡಿದು ಬೆಳಕಿಗೆ ನೋಡಿದ್ರೆ ಚಹಾ ಬಣ್ಣ, ಹಳೇ ಪೇಂಟಿನ ವಾಸನೆ. ಇದರ ಮೇಲೇ ನಾನು ಹೊಸದು ಸುರಿದಿದ್ದೆ. ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದ್ರೆ ಎರಡೂ ಹೋಯ್ತು ತಾನೇ? ಆಮೇಲೆ ಬೌಲ್‌ನ ತಳದಲ್ಲಿರೋ ಡ್ರೈನ್ ಸ್ಕ್ರೂ ಬಿಚ್ಚಿದೆ. ಎರಡು ಮೂರು ತಿಂಗಳಷ್ಟೇ ನಿಂತ ಗಾಡಿಯಾದ್ರೆ ಇಷ್ಟು ಮಾಡಿ ಹೊಸ ಪೆಟ್ರೋಲ್ ಹಾಕಿ ನೋಡಿ, ಕೆಲವು ಸಲ ಇಲ್ಲಿಗೇ ಮುಗಿಯುತ್ತೆ. ನನ್ನದು ಮುಗಿಯೋ ಹಂತ ದಾಟಿತ್ತು.

ಟ್ಯಾಂಕ್ ತೆಗೆದು, ಎರಡು ಕಡೆ ಕ್ಲಾಂಪ್ ಸಡಿಲಿಸಿ, ರೇಸ್ ಕೇಬಲ್ ಚೋಕ್ ಕೇಬಲ್ ಬಿಡಿಸಿ ಕಾರ್ಬೋರೇಟರ್ ಹೊರಗೆ ತೆಗೆದೆ. ಪ್ರತಿ ಹೆಜ್ಜೆಗೂ ಮೊಬೈಲಲ್ಲಿ ಫೋಟೋ. ಬಿಚ್ಚೋವಾಗ ಎಲ್ಲ ನೆನಪಿರುತ್ತೆ ಅನಿಸುತ್ತೆ, ಇರಲ್ಲ. ಸ್ಕ್ರೂಗಳನ್ನ ಇಡ್ಲಿ ತಟ್ಟೆಯ ಗುಳಿಯಲ್ಲಿ ಒಂದೊಂದು ಜಾಗದ್ದು ಒಂದೊಂದು ಗುಳಿ ಅಂತ ಇಟ್ಟೆ. ಅದಕ್ಕೆ ಆಮೇಲೆ ಮನೆಯಲ್ಲಿ ಬೈಸಿಕೊಂಡೆ, ಆದ್ರೂ ಅದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಬೌಲ್ ಬಿಚ್ಚಿದ್ರೆ ತಳದಲ್ಲಿ ಹಸಿರು ಬಣ್ಣದ ಪುಡಿ, ಗೋಡೆಗೆ ಕಂದು ಪದರ. ಅಡುಗೆ ಎಣ್ಣೆ ಡಬ್ಬಿಯ ಬಾಯಲ್ಲಿ ಕಟ್ಟಿರುತ್ತಲ್ಲ, ಆ ಜಿಡ್ಡು. ಪೈಲಟ್ ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ಸ್ಕ್ರೂಡ್ರೈವರ್ ಬಾಯಿ ಸರಿಯಾಗಿ ಕೂರದಿದ್ರೆ ಅದರ ಸೀಳು ಕಿತ್ತು ಬರುತ್ತೆ, ಆಮೇಲೆ ಅದನ್ನ ಹೊರಗೆ ತೆಗೆಯೋದೇ ಒಂದು ಪ್ರಾಜೆಕ್ಟ್. ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಮೇಲಿನಿಂದ ಗಟ್ಟಿಯಾಗಿ ಒತ್ತಿ ತಿರುಗಿಸಿದೆ, ಬಂತು. ಆಕಾಶಕ್ಕೆ ಹಿಡಿದು ನೋಡಿದೆ. ಬೆಳಕೇ ಕಾಣ್ತಿರಲಿಲ್ಲ. ಪೂರ್ತಿ ಮುಚ್ಚಿತ್ತು.

ಆ ಕ್ಷಣ ನನಗೆ ಆದ ಸಮಾಧಾನ ಹೇಳೋಕಾಗಲ್ಲ. ವಾರಗಟ್ಟಲೆ ಹುಡುಕಿದ ಬಗ್ ಸಿಕ್ಕಾಗ ಆಗುತ್ತಲ್ಲ, ಆ ಥರ.

ಜೆಟ್ಟನ್ನ ರಾತ್ರಿಯಿಡೀ ಕ್ಲೀನರ್‌ನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಲ್ಲುಜ್ಜೋ ಬ್ರಷ್ಷಿನ ಒಂದು ನೈಲಾನ್ ಎಳೆ ಕಿತ್ತು ತೂತಿನಲ್ಲಿ ಆಡಿಸಿದೆ. ಸ್ಟೀಲ್ ತಂತಿ, ಸೂಜಿ, ಪಿನ್ನು ಬೇಡ ಅಂತ ಕಾಕಾ ಹೇಳಿದ್ದು ಇದಕ್ಕೇ: ಹಿತ್ತಾಳೆ ಸವೆದು ತೂತು ದೊಡ್ಡದಾದ್ರೆ ಅಳತೆ ಹೋಯ್ತು, ಆಮೇಲೆ ಗಾಡಿ ಹೊಗೆ ಕಾರುತ್ತೆ, ಪೆಟ್ರೋಲ್ ಕುಡಿಯುತ್ತೆ. ಸ್ಪ್ರೇ ಹೊಡೆದೆ, ಆ ಕಡೆಯಿಂದ ಕೂದಲೆಳೆಯಂಥ ಧಾರೆ ಬಂತು. ಆಕಾಶಕ್ಕೆ ಹಿಡಿದ್ರೆ ದುಂಡಗೆ ಒಂದು ಬೆಳಕಿನ ಚುಕ್ಕೆ.

ಎಲ್ಲ ಜೋಡಿಸಿದೆ, ಹೊಸ ಪೆಟ್ರೋಲ್ ಹಾಕಿದೆ, ಸ್ಟಾರ್ಟ್ ಮಾಡಿದೆ. ಚೋಕ್ ಬಿಟ್ಟೆ. ಹತ್ತು ಸೆಕೆಂಡ್ ಓಡ್ತು, ಕೆಮ್ಮಿತು, ಆಫ್.

ಇಲ್ಲಿ ನಾನು ಬಹಳ ಕುಸಿದೆ, ಸುಳ್ಳು ಹೇಳಲ್ಲ. ಆ ಡೀಲರ್‌ಗೆ ಫೋನ್ ಮಾಡೋಣ ಅನಿಸ್ತು. ಚಹಾ ಕುಡಿದು ಮತ್ತೆ ಯೋಚಿಸಿದೆ. ಮೊದಲು ಎರಡು ಸೆಕೆಂಡಿಗೆ ಸಾಯ್ತಿತ್ತು, ಈಗ ಹತ್ತು. ಅಂದ್ರೆ ದಿಕ್ಕು ಸರಿ ಇದೆ, ದಾರಿ ಪೂರ್ತಿ ತೆರೆದಿಲ್ಲ. ಜೆಟ್ ಅನ್ನೋದು ಆ ದಾರಿಯ ಬಾಗಿಲು ಮಾತ್ರ. ಅದರಾಚೆ ಕಾರ್ಬೋರೇಟರ್ ಮೈಯೊಳಗೇ ಕೊರೆದ ಸುರಂಗ ಇದೆ. ಅದು ಹೋಗಿ ಆ ಚಿಟ್ಟೆ ಬಾಗಿಲಿನ ಅಂಚಿನ ಹತ್ತಿರ ಸೂಜಿಮೊನೆಯಂಥ ಒಂದೆರಡು ತೂತಿನಲ್ಲಿ ತೆರೆದುಕೊಳ್ಳುತ್ತೆ. ಆ ಸುರಂಗದ ತುದಿಯಲ್ಲಿ ಮಿಕ್ಸ್ಚರ್ ಸ್ಕ್ರೂ ಇದೆ. ನಾನು ಬಾಗಿಲು ತೊಳೆದು ಸುರಂಗ ಹಾಗೇ ಬಿಟ್ಟಿದ್ದೆ.

ಮತ್ತೆ ಬಿಚ್ಚಿದೆ. ಮಿಕ್ಸ್ಚರ್ ಸ್ಕ್ರೂ ತೆಗೆಯೋ ಮೊದಲು ಅದನ್ನ ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ಟುತ್ತೆ ಅಂತ ಎಣಿಸಿ ಬರೆದುಕೊಳ್ಳಿ. ನನ್ನದು ಎರಡೂಕಾಲು. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಅದರ ಮೊನೆ ಸೂಕ್ಷ್ಮ, ಜಜ್ಜಿಹೋಗುತ್ತೆ. ಸ್ಕ್ರೂ ಜೊತೆ ಒಂದು ಸಣ್ಣ ಸ್ಪ್ರಿಂಗು, ವಾಷರು, ಉಂಗುರದಂಥ ರಬ್ಬರು ಬರುತ್ತೆ. ನನ್ನ ರಬ್ಬರು ಹುಲ್ಲಿಗೆ ಬಿದ್ದು ಇಪ್ಪತ್ತು ನಿಮಿಷ ಹುಡುಕಿದೆ. ಆ ತೂತಿನಿಂದ ಸ್ಪ್ರೇ ಹೊಡೆದೆ. ಮೊದಲು ಏನೂ ಬರಲಿಲ್ಲ, ವಾಪಸ್ ನನ್ನ ಮುಖಕ್ಕೇ ಚಿಮ್ಮಿತು. ಕನ್ನಡಕ ಇತ್ತು, ಕಣ್ಣು ಉಳೀತು. ನಾಲ್ಕೈದು ಸಲ ಹೊಡೆದು, ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹಾಕಿದ ಮೇಲೆ ಆ ಕಡೆ ಸೂಜಿಮೊನೆ ತೂತುಗಳಿಂದ ಕಂದು ನೀರು ಬಂತು, ಆಮೇಲೆ ತಿಳಿ.

ಈ ಉತ್ಸಾಹದಲ್ಲಿ ಒಂದು ಎಡವಟ್ಟು ಮಾಡಿದೆ. ಕಾರ್ಬೋರೇಟರ್ ಮೇಲ್ಭಾಗದಲ್ಲಿ ತೆಳ್ಳಗಿನ ರಬ್ಬರ್ ಡಯಾಫ್ರಾಮ್ ಇದೆ, ಅದಕ್ಕೂ ಸ್ಪ್ರೇ ಹೊಡೆದೆ. ಐದು ನಿಮಿಷಕ್ಕೆ ಅದು ಹಪ್ಪಳದ ಹಾಗೆ ಉಬ್ಬಿ ತನ್ನ ಜಾಗದಲ್ಲಿ ಕೂರಲೇ ಇಲ್ಲ. ಈ ಸ್ಪ್ರೇಗಳು ರಬ್ಬರ್‌ಗೆ ಶತ್ರು. ಅದೃಷ್ಟಕ್ಕೆ ರಾತ್ರಿಯಿಡೀ ಗಾಳಿಗೆ ಬಿಟ್ಟ ಮೇಲೆ ಮೊದಲಿನ ಅಳತೆಗೆ ಬಂತು. ನೀವು ಹೊಡೆಯೋ ಮೊದಲು ರಬ್ಬರಿನದು ಏನಿದ್ರೂ ಬಿಚ್ಚಿ ಬೇರೆ ಇಡಿ.

ಮಾರನೇ ಸಂಜೆ ಜೋಡಿಸಿ, ಮಿಕ್ಸ್ಚರ್ ಸ್ಕ್ರೂ ಎರಡೂಕಾಲು ಸುತ್ತಿಗೆ ಇಟ್ಟು ಸ್ಟಾರ್ಟ್ ಮಾಡಿದೆ. ಎಂಜಿನ್ ಬಿಸಿಯಾಗಲಿ ಅಂತ ಹತ್ತು ನಿಮಿಷ ಸೊಸೈಟಿಯ ರಸ್ತೆಯಲ್ಲೇ ಸುತ್ತಿದೆ. ಆ ಗ್ಯಾರೇಜ್ ಹುಡುಗ ಬಿಗಿದಿದ್ದ ಐಡಲ್ ಸ್ಕ್ರೂನ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಎರಡು ಸಾವಿರ, ಸಾವಿರದ ಎಂಟುನೂರು, ಸಾವಿರದ ಆರುನೂರು. ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸಿ, ಆರ್‌ಪಿಎಂ ಎಲ್ಲಿ ಎಲ್ಲಕ್ಕಿಂತ ಮೇಲೇರುತ್ತೋ ಅಲ್ಲಿ ನಿಲ್ಲಿಸಿ, ಮತ್ತೆ ಐಡಲ್ ಇಳಿಸಿದೆ. ಸಾವಿರದ ನಾನೂರು. ನಿಂತಿತು. ರೇಸ್ ಕೊಟ್ಟು ಬಿಟ್ಟೆ, ಮುಳ್ಳು ನೇರ ಕೆಳಗೆ ಬಂದು ಅದೇ ಜಾಗದಲ್ಲಿ ಕೂತಿತು.

ಒಂದು ಎಚ್ಚರಿಕೆ. ನನ್ನ ಗಾಡಿಯಲ್ಲಿ ಆ ಸ್ಕ್ರೂ ಎಂಜಿನ್ ಕಡೆಗಿದೆ, ಅಂಥದ್ದರಲ್ಲಿ ಹೊರಗೆ ತಿರುಗಿಸಿದ್ರೆ ಪೆಟ್ರೋಲ್ ಜಾಸ್ತಿ. ಹಳೇ ಟೂ ಸ್ಟ್ರೋಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಏರ್ ಫಿಲ್ಟರ್ ಕಡೆಗಿರುತ್ತೆ, ಅದು ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದ್ರೆ ಗಾಳಿ ಜಾಸ್ತಿ. ಲೆಕ್ಕ ಪೂರ್ತಿ ಉಲ್ಟಾ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ರೆ? ಕಾರ್ಬೋರೇಟರ್‌ಗೂ ಎಂಜಿನ್ನಿಗೂ ನಡುವಿನ ರಬ್ಬರ್ ನೋಡಿ. ನಿಂತ ಗಾಡಿಯಲ್ಲಿ ಅದು ಒಣಗಿ ಬಿರುಕು ಬಿಡುತ್ತೆ, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತೆ. ಎಂಜಿನ್ ಓಡುವಾಗ ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ, ಆರ್‌ಪಿಎಂ ಬದಲಾದ್ರೆ ಬಿರುಕು ಅಲ್ಲೇ. ಕೆಲವರು ಪೆಟ್ರೋಲೋ ಕ್ಲೀನರ್ ಸ್ಪ್ರೇಯೋ ಹೊಡೆದು ನೋಡ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಜೊತೆ ಆಟ, ಬೇಡ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿದೆಯಾ ನೋಡಿ, ಬೇಸ್‌ಮೆಂಟಲ್ಲಿ ಇದು ತಮಾಷೆ ಅಲ್ಲ. ಪ್ಲಗ್ ಕಪ್ಪಾಗಿದ್ರೆ ಬದಲಿಸಿ. ಆಮೇಲೆ ವಾಲ್ವ್ ಕ್ಲಿಯರೆನ್ಸ್; ಅದನ್ನ ನಾನು ಮೆಕ್ಯಾನಿಕ್ ಕೈಗೇ ಬಿಡ್ತೀನಿ.

ಅಪ್ಪ ಅಷ್ಟೊತ್ತಿಗೆ ಧಾರವಾಡಕ್ಕೆ ವಾಪಸ್ ಹೋಗಿದ್ರು. ಫೋನ್ ಮಾಡಿ, ಸೈಲೆನ್ಸರ್ ಹತ್ತಿರ ಮೊಬೈಲ್ ಹಿಡಿದು, ಕೇಳಿಸ್ತಾ ಅಂದೆ. “ಏನೂ ಕೇಳ್ಸವಲ್ದು” ಅಂದ್ರು. ಇನ್ನೂ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂಂ, ಈಗ ಸಾವಕಾಶ ಉಸಿರಾಡಾಕತ್ತೈತಿ” ಅಂದ್ರು. ಆಮೇಲೆ ಮೊಣಕಾಲು ಹೇಗಿದೆ ಅಂತ ಕೇಳಿದೆ. ಆರಿದೆ ಅಂದ್ರು. ಏಪ್ರಿಲ್‌ನಲ್ಲಿ ಎರಡನೇ ಕಣ್ಣಿಗೆ ಬಂದಾಗ, ಆಸ್ಪತ್ರೆಗೆ ಆಟೋ ಬುಕ್ ಮಾಡ್ತೀನಿ ಅಂದ್ರೆ, ಯಾಕ, ಗಾಡಿ ಐತೆಲ್ಲ ಅಂತ ತಾವೇ ಹೆಲ್ಮೆಟ್ ತಗೊಂಡು ಲಿಫ್ಟ್ ಹತ್ತಿರ ನಿಂತ್ರು. ಭೂಮ್ಕರ್ ಚೌಕದಲ್ಲಿ ಕೆಂಪು ದೀಪಕ್ಕೆ ನಿಂತಾಗ ನನ್ನ ಕಣ್ಣು ಸಿಗ್ನಲ್ ಮೇಲೆ ಇರಲಿಲ್ಲ, ಆರ್‌ಪಿಎಂ ಮುಳ್ಳಿನ ಮೇಲೆ ಇತ್ತು.

ಈಗ ನಿಮ್ಮ ಕೆಲಸಕ್ಕೆ ಬರೋದು. ದೀಪಾವಳಿಗೆ ಊರಿಗೆ ಹೋಗಿ ವಾರದಲ್ಲಿ ಬರೋರು ತಲೆ ಕೆಡಿಸ್ಕೊಳ್ಳೋದು ಬೇಡ. ತಿಂಗಳ ಮೇಲೆ ನಿಲ್ಲಿಸೋದಾದ್ರೆ, ಆನ್‌ಸೈಟ್ ಹೋಗೋರು, ಹೆರಿಗೆಗೆ ಊರಿಗೆ ಹೋಗೋರ ಗಾಡಿ, ಸ್ಕೂಟರ್, ಯಾವುದೇ ಇರಲಿ: ಕಾರ್ಬೋರೇಟರ್ ಗಾಡಿಯಾದ್ರೆ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗೇ ಆಫ್ ಆಗೋವರೆಗೆ ಬಯಲಲ್ಲಿ ಓಡಿಸಿ, ಆಮೇಲೆ ಡ್ರೈನ್ ಸ್ಕ್ರೂ ತೆಗೆದು ಉಳಿದ ಹನಿಗಳನ್ನೂ ಇಳಿಸಿ. ಸ್ಟೀಲ್ ಟ್ಯಾಂಕನ್ನ ತುಂಬಿಸಿ ಇಡಿ, ಖಾಲಿ ಜಾಗ ಇದ್ರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತೆ. ಬ್ಯಾಟರಿಯ ಒಂದು ವೈರ್ ಬಿಚ್ಚಿ. ಡಬಲ್ ಸ್ಟ್ಯಾಂಡ್ ಹಾಕಿ. ಪಕ್ಕದ ಫ್ಲಾಟಿನವರಿಗೆ ಕೀ ಕೊಟ್ಟು ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಅಂತ ಹೇಳ್ತೀವಲ್ಲ, ಅವರು ಎರಡು ನಿಮಿಷ ಓಡಿಸಿ ಆಫ್ ಮಾಡ್ತಾರೆ, ಎಂಜಿನ್ ಬಿಸಿಯಾಗಲ್ಲ, ಬ್ಯಾಟರಿ ಚಾರ್ಜ್ ಆಗೋದಕ್ಕಿಂತ ಖರ್ಚಾಗೋದೇ ಜಾಸ್ತಿ. ಓಡಿಸೋದಾದ್ರೆ ಐದಾರು ಕಿಲೋಮೀಟರ್ ಓಡಿಸೋಕೆ ಹೇಳಿ, ಇಲ್ಲಾ ಮುಟ್ಟಬೇಡಿ ಅನ್ನಿ.

2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ತಗೊಂಡ ಗಾಡಿಗಳಲ್ಲಿ ಹೆಚ್ಚಿನವು ಫ್ಯುಯಲ್ ಇಂಜೆಕ್ಷನ್. ಅದರಲ್ಲಿ ಪೈಲಟ್ ಜೆಟ್ ಇಲ್ಲ. ಪೆಟ್ರೋಲ್ ಮುಚ್ಚಿದ ಪೈಪಿನಲ್ಲಿ ಒತ್ತಡದಲ್ಲಿರುತ್ತೆ, ಬೌಲ್ ಥರ ಆರಲ್ಲ, ಅದಕ್ಕೇ ಸುಲಭಕ್ಕೆ ಈ ತೊಂದರೆ ಬರಲ್ಲ. ಆದ್ರೆ ಹಳಸಿದ ಪೆಟ್ರೋಲ್ ಅಲ್ಲೂ ಹಳಸಿದ್ದೇ, ಇಂಜೆಕ್ಟರ್ ತೂತುಗಳು ಇನ್ನೂ ಸಣ್ಣವು. ಅದನ್ನ ಹಲ್ಲುಜ್ಜೋ ಬ್ರಷ್ಷಿನ ಎಳೆ ಹಿಡ್ಕೊಂಡು ಬಿಚ್ಚೋಕೆ ಹೋಗಬೇಡಿ.

ನನ್ನ ಗಾಡಿ ಕೆಳಗೆ ಗೇಟಿನ ಹತ್ತಿರ ನಿಲ್ಸಿದೀನಿ. ಹಳೇ ಜೆಟ್ ಒಂದನ್ನ ಜೇಬಲ್ಲಿ ತಂದಿದೀನಿ, ಬೆಳಕಿಗೆ ಹಿಡಿದು ನೋಡೋರು ನೋಡಬಹುದು. ಸ್ಟಾರ್ಟ್ ಮಾಡಿ ತೋರಿಸ್ತೀನಿ, ಹೊರಗಡೆ, ಬೇಸ್‌ಮೆಂಟಲ್ಲಿ ಅಲ್ಲ. ಪ್ರಶ್ನೆ ಇದ್ರೆ ಈಗ ಕೇಳಿ. ಮೊದಲು ಹಿಂದೆ ನೀಲಿ ಶರ್ಟ್ ಹಾಕಿದವರು, ಕೈ ಎತ್ತಿ ತುಂಬಾ ಹೊತ್ತಾಯ್ತು.